ಬೂಸಾ ಅಂದರೆ ಏನು?
(ಗೌರಸಮುದ್ರದಲ್ಲಿ ಆಡಿದ ಮಾತು)



ಬಿ. ಬಸವಲಿಂಗಪ್ಪನವರ ಹೆಸರೆತ್ತಿದರೆ ‘ಯಾರು, ಬೂಸಾ ಬಸವಲಿಂಗಪ್ಪನಾ?’ ಅಂತ ಇವತ್ತಿಗೂ ಕೇಳುವವರಿದ್ದಾರೆ. ಆ ಅಡ್ಡಹೆಸರು ಎಲ್ಲಿಂದ ಬಂತು ಅಂತ ನಾವು ತಿಳಿದುಕೊಳ್ಳದಿದ್ದರೆ ಬೈದವರು ಹೇಳಿದ್ದೇ ಚರಿತ್ರೆ ಆಗುತ್ತದೆ.

ಬೂಸಾ ಏನು ಅಂತ ಗೌರಸಮುದ್ರದವರಿಗೆ ಯಾರೂ ಕಲಿಸಬೇಕಾಗಿಲ್ಲ. ಮಾರಮ್ಮನ ಜಾತ್ರೆಗೆ ಗಾಡಿ ಕಟ್ಟಿದ ಸೀಮೆ ಇದು. ಕಾಳು, ಹಿಟ್ಟು ಮನುಷ್ಯರಿಗೆ ಹೋದ ಮೇಲೆ ಉಳಿಯುವ ಹೊಟ್ಟು, ತೌಡು ಬೂಸಾ. ಅದು ದನದ ಪಾಲು.

1973ರ ನವೆಂಬರ್. ದೇವರಾಜ ಅರಸರ ಸರ್ಕಾರದಲ್ಲಿ ಬಸವಲಿಂಗಪ್ಪನವರು ಮಂತ್ರಿ. ಮೈಸೂರಿನ ಸಭೆಯಲ್ಲಿ, ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು. ಇಂಗ್ಲಿಷ್ ಕಲಿಯಿರಿ ಅಂದರು. ಅಷ್ಟಕ್ಕೇ ಬೀದಿ ಹೊತ್ತಿಕೊಂಡಿತು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಕುವೆಂಪು ಅವರಂಥವರು ಪರವಾಗಿ ನಿಂತರೂ ಮಂತ್ರಿಗಿರಿ ಉಳಿಯಲಿಲ್ಲ. ಸಾಹಿತ್ಯಕ್ಕೆ ಅಂದ ಮಾತನ್ನು ಅಂದವರ ಹೆಸರಿಗೇ ಕಟ್ಟಿಬಿಟ್ಟರು.

ಎಲ್ಲಾ ಸಾಹಿತ್ಯವೂ ಬೂಸಾ ಅಂತ ನಾವು ಹೇಳುವುದಿಲ್ಲ. ಅವರ ಮಾತಿನ ಮೇಲೆ ವಾದ ಮಾಡಬಹುದಿತ್ತು. ಆದರೆ ವಾದಕ್ಕೆ ವಾದ ಕೊಡದೆ ಏಟು ಕೊಟ್ಟರು. ಕಾಳು ಯಾರ ಮನೆಗೆ, ಹೊಟ್ಟು ಯಾರ ಪಾಲಿಗೆ ಅಂತ ಕಣದಲ್ಲಿ ದುಡಿದವರಿಗೆ ಗೊತ್ತು. ಅಷ್ಟೊಂದು ಪುಸ್ತಕಗಳಲ್ಲಿ ನಮ್ಮ ಕೇರಿ ಎಲ್ಲಿದೆ, ನಮ್ಮವ್ವನ ಹಸಿವು ಎಲ್ಲಿದೆ ಎಂಬುದೇ ಆ ಮಾತಿನೊಳಗಿದ್ದ ಪ್ರಶ್ನೆ.

ಈ ಅಡ್ಡಹೆಸರು ಇನ್ನೊಂದು ಸಂಗತಿಯನ್ನು ಮುಚ್ಚಿಹಾಕಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಷೇಧಿಸಿದ ಮಂತ್ರಿ ಇವರೇ. ಅದಕ್ಕೆ ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ಅಂಬೇಡ್ಕರರನ್ನು ಜನ ಪ್ರೀತಿಯಿಂದ ಬಾಬಾಸಾಹೇಬರು ಅಂದರು. ಬಸವಲಿಂಗಪ್ಪನವರಿಗೆ ಮಾತ್ರ ಮಾಡಿದ ಕೆಲಸದ ಹೆಸರು ಸಿಗಲಿಲ್ಲ, ಸಿಟ್ಟಿನ ಹೆಸರು ಸಿಕ್ಕಿತು.

ಆದರೆ ಆ ಬೈಗುಳ ವ್ಯರ್ಥವಾಗಲಿಲ್ಲ. ಏಟು ತಿಂದ ಹುಡುಗರು ಒಂದು ಕಡೆ ಸೇರಿದರು. ಅದೇ ದಶಕದಲ್ಲಿ ಭದ್ರಾವತಿಯ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳ್ತನದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಕಾಳು ಎಲ್ಲಿ ಅಂತ ಕೇಳಿದವರ ಮಕ್ಕಳೇ ಕಾಳು ಬೆಳೆದರು.

ಆದ್ದರಿಂದ ತಮ್ಮಂದಿರೆ, ತಂಗಿಯರೆ, ಯಾರಾದರೂ ಬೂಸಾ ಅಂತ ನಕ್ಕರೆ ತಲೆ ತಗ್ಗಿಸಬೇಡಿ, ಕೈಯನ್ನೂ ಎತ್ತಬೇಡಿ. ಕೂರಿಸಿಕೊಂಡು ಇಷ್ಟು ಕತೆ ಹೇಳಿ. ಆಮೇಲೆ ನಿಮ್ಮ ಕೇರಿಯ ಮಾತನ್ನು ನೀವೇ ಬರೆಯಿರಿ.

ಜೈ ಭೀಮ್.