ಪರೀಕ್ಷೆಯನ್ನು ಮತ್ತೊಮ್ಮೆ ಕಟ್ಟಬೇಕೆ?



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ ಅನೇಕ ಮನೆಗಳ ಜಗಲಿಯ ಮೇಲೆ ಒಂದೇ ಮಾತು ನಡೆಯುವುದು. ಸಿ.ಇ.ಟಿ. ಇಲ್ಲವೆ ನೀಟ್ ಪರೀಕ್ಷೆಯ ಫಲ ಬಂದಿದೆ. ಬಯಸಿದ ಸ್ಥಾನಕ್ಕೆ ಅಂಕ ಸಾಲದಾಗಿದೆ. ಸಿಕ್ಕಿದ ಕಾಲೇಜಿಗೆ ಸೇರುವುದೋ, ಇನ್ನೊಂದು ವರ್ಷ ಕುಳಿತು ಮತ್ತೆ ಬರೆಯುವುದೋ? ತಂದೆ ಒಂದು ಹೇಳುತ್ತಾರೆ, ಸೋದರಮಾವ ಮತ್ತೊಂದು ಹೇಳುತ್ತಾರೆ. ಬರೆಯಬೇಕಾದ ಮಗು ಮಾತ್ರ ಸುಮ್ಮನಿರುವುದು. ಈ ಪ್ರಶ್ನೆಯನ್ನು ಕುರಿತು ನಾಲ್ಕು ಮಾತುಗಳನ್ನು ಹೇಳುವುದು ನಮ್ಮ ಉದ್ದೇಶ.

ನಮ್ಮ ಸೀಮೆಯವರಿಗೆ ಕಾಯುವುದು ಹೊಸದಲ್ಲ. ಬಲಿತ ಕಾಯನ್ನು ಇಳಿಸಿ, ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಬಿಟ್ಟರಲ್ಲವೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುವುದು? ಆದರೆ ಅಟ್ಟಕ್ಕೆ ಏರಿಸುವ ಮುನ್ನ ಕಾಯನ್ನು ಆರಿಸುತ್ತೇವೆ. ಎಳೆಯದಾಗಿ ಇಳಿಸಿದ ಕಾಯಾಗಲಿ, ಬಿರುಕು ಬಿಟ್ಟ ಕಾಯಾಗಲಿ ಎಷ್ಟು ದಿನವಿದ್ದರೂ ಕೊಬ್ಬರಿಯಾಗದು, ಕೆಡುವುದು. ಕಾಲವೊಂದೇ ಏನನ್ನೂ ಮಾಗಿಸಲಾರದು. ಪರೀಕ್ಷೆಯ ವಿಷಯದಲ್ಲಿಯೂ ಇದೇ ವಿವೇಕ ಬೇಕು.

ಮೊದಲು ತಿಳಿಯಬೇಕಾದದ್ದು, ಅಂಕ ಎಲ್ಲಿ ಹೋಯಿತೆಂಬುದು. ನೀಟ್ ಪರೀಕ್ಷೆಗೆ 720 ಅಂಕಗಳು. ಸರಿಯುತ್ತರಕ್ಕೆ 4 ಅಂಕ ಬರುವುದು, ತಪ್ಪುತ್ತರಕ್ಕೆ 1 ಅಂಕ ಕಳೆಯುವುದು. ಊಹೆಯಿಂದ ನಲವತ್ತು ಉತ್ತರಗಳನ್ನು ತಪ್ಪಾಗಿ ಗುರುತಿಸಿದವನು ಹತ್ತು ಸರಿಯುತ್ತರಗಳ ಗಳಿಕೆಯನ್ನು ಕಳೆದುಕೊಂಡಂತಾಯಿತು. ಇದು ಬರೆಯುವ ಅಭ್ಯಾಸದ ದೋಷ, ತಿದ್ದಬಹುದು. ಭೌತಶಾಸ್ತ್ರದ ತಳಹದಿಯೇ ಸಡಿಲವಾಗಿದ್ದರೆ ಅದಕ್ಕೆ ವರ್ಷದ ದುಡಿಮೆ ಬೇಕು. ಆ ವಿದ್ಯೆಯಲ್ಲಿ ಮನಸ್ಸೇ ಇಲ್ಲದಿದ್ದರೆ ಎರಡು ವರ್ಷಗಳೂ ಸಾಲವು.

ಎರಡನೆಯದು, ನಿಯಮಗಳ ಅರಿವು. 1994ರಲ್ಲಿ ಆರಂಭವಾದ ನಮ್ಮ ಸಿ.ಇ.ಟಿ.ಯಲ್ಲಿ ಎಂಜಿನಿಯರಿಂಗ್ ಶ್ರೇಣಿಯ ಅರ್ಧಭಾಗವನ್ನು ಪಿ.ಯು.ಸಿ. ಅಂಕಗಳೇ ನಿರ್ಧರಿಸುವುವು. ಆ ಅಂಕಗಳನ್ನು ಅದೇ ವರ್ಷದಲ್ಲಿ ಮತ್ತೆ ಬರೆದು ಹೆಚ್ಚಿಸಿಕೊಳ್ಳುವ ದಾರಿಯು 2024ರಲ್ಲಿ ತೆರೆಯಿತು. ವರ್ಷವನ್ನು ಬಲಿಗೊಡದೆ ಆಗುವ ಕೆಲಸವಿದ್ದರೆ ಅದನ್ನೇ ಮೊದಲು ನೋಡಬೇಕು. ನಿಯಮವು ನಡುವೆ ಬದಲಾಗುವುದೂ ಉಂಟು. 2021ರಲ್ಲಿ ಸಾಂಕ್ರಾಮಿಕದ ಕಾರಣ ಪರೀಕ್ಷೆಯಿಲ್ಲದೆ ತೇರ್ಗಡೆಯಾಗಿ, 2022ರಲ್ಲಿ ಸಿ.ಇ.ಟಿ.ಯನ್ನು ಮತ್ತೆ ಬರೆದವರ ಪಿ.ಯು.ಸಿ. ಅಂಕಗಳನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಚೆನ್ನಾಗಿ ಬರೆದವರೂ ಶ್ರೇಣಿಯಲ್ಲಿ ಕೆಳಗಿಳಿದರು. ವಿವಾದವು ಹೈಕೋರ್ಟಿಗೆ ಹೋಗಿ, ಸೆಪ್ಟೆಂಬರಿನಲ್ಲಿ ಇತ್ಯರ್ಥವಾಯಿತು. ಆ ವೇಳೆಗೆ ಆ ಮಕ್ಕಳು ಪಟ್ಟ ತಳಮಳವನ್ನು ಯಾವ ತೀರ್ಪು ತುಂಬಿಕೊಟ್ಟೀತು?

ಮೂರನೆಯದು, ಮನೆಯ ಲೆಕ್ಕ. 2023ರಲ್ಲಿ ಕ್ವಿಂಟಲ್ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ 11,750 ರೂಪಾಯಿಗಳಿದ್ದರೂ ತಿಪಟೂರಿನ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು. ಅಂಥ ವರ್ಷದಲ್ಲಿ ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಅಣ್ಣನ ತರಬೇತಿಗೂ ವಸತಿಗೂ ಕೊಟ್ಟ ಹಣವು ತಂಗಿಯ ಓದಿನಿಂದ ಕಳೆದ ಹಣವೇ ಆಗಬಹುದು. ಈ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಆಡಬೇಕು. ಸಿಕ್ಕಿರುವ ಸ್ಥಾನವನ್ನೂ ಹಗುರವಾಗಿ ಕಾಣಬಾರದು. ಕೃಷಿ ಪದವಿಯಲ್ಲಿ ಕೃಷಿಕರ ಮಕ್ಕಳಿಗೆಂದೇ ಮೀಸಲಾದ ಸ್ಥಾನಗಳುಂಟು. ನುಸಿರೋಗದಿಂದ ಸೊರಗಿದ ತೋಟವನ್ನು ಕಂಡು ಬೆಳೆದವನಿಗೆ ಆ ವಿದ್ಯೆ ಕಡಮೆಯದೆಂದು ಹೇಳುವವರಾರು?

ಹಾಗಾದರೆ ಮತ್ತೆ ಕಟ್ಟಲೇಬಾರದೆ? ಹಾಗಲ್ಲ. ದೋಷ ಇಂಥದೆಂದು ಗೊತ್ತಾಗಿ, ಅದನ್ನು ತಿದ್ದುವ ಬಗೆಯೂ ತಿಳಿದು, ಮಗು ತಾನಾಗಿ ಬಯಸಿದರೆ ಒಂದು ವರ್ಷವನ್ನು ಧೈರ್ಯವಾಗಿ ಕೊಡಬಹುದು. ಆದರೆ ಗೆರೆಯನ್ನು ಮೊದಲೇ ಎಳೆದಿರಬೇಕು. ನೀಟ್ ಪರೀಕ್ಷೆಗೆ ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದುಹಾಕಿದರು. ಎಷ್ಟು ಸಲವಾದರೂ ಬರೆಯಬಹುದು. ಸಾಕೆಂದು ಹೇಳುವವರು ಹೊರಗಿಲ್ಲವಾದ್ದರಿಂದ ಆ ಮಾತು ಮನೆಯೊಳಗೇ ಹುಟ್ಟಬೇಕು.

ಅಟ್ಟದ ಕಾಯಿ ಕೊಬ್ಬರಿಯಾಯಿತೇ ಎಂದು ತಿಳಿಯಲು ಕೈಯಲ್ಲಿ ಹಿಡಿದು ಅಲುಗಿಸಿ, ಕಿವಿಗೊಡುತ್ತೇವೆ. ಜಗಲಿಯ ಮೇಲೆ ನಾವು ಹಿರಿಯರು ಕೊಂಚ ಸುಮ್ಮನಾಗಿ, ಮೌನವಾಗಿ ಕುಳಿತ ಮಗುವಿನ ಮಾತಿಗೂ ಹಾಗೆಯೇ ಕಿವಿಗೊಡೋಣ. ತೀರ್ಮಾನವು ಅಲ್ಲಿಂದ ಹೊರಡಲಿ.