ಪರದೆಯ ಹಿಂದಿನ ಆಧಾರ

(ಶತಮಾನೋತ್ಸವದ ನಾಟಕಕ್ಕೆ ರಂಗಸಜ್ಜು ಅಣಿಮಾಡುವ ಕುರಿತು ಕರೆದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ಅಂಗವಾಗಿ ಯೇಸುಸ್ವಾಮಿಯ ಪಾಡುಗಳ ನಾಟಕವನ್ನು ಆಡಬೇಕೆಂದು ನಾವೆಲ್ಲ ನಿಶ್ಚಯಿಸಿದ್ದೇವೆ. ಪಾತ್ರಗಳನ್ನು ಹಂಚುವಾಗ ಉತ್ಸಾಹಕ್ಕೆ ಕೊರತೆಯಿರಲಿಲ್ಲ. ರಂಗಸಜ್ಜಿನ ಮಾತು ಬಂದಾಗ ಮಾತ್ರ, ಎಲ್ಲವನ್ನೂ ಬೆಂಗಳೂರಿನಿಂದ ಬಾಡಿಗೆಗೆ ತರಿಸಿದರಾಯಿತು ಎಂಬ ಸಲಹೆ ಕೇಳಿಬಂತು. ಆ ಸಲಹೆಗೆ ಉತ್ತರ ಹೇಳುವ ಮುನ್ನ, ಈ ಕೆಲಸದ ಸ್ವರೂಪವನ್ನು ಒಮ್ಮೆ ಕೂಡಿ ಆಲೋಚಿಸೋಣ.

ನಮ್ಮ ನಾಡಿನ ವೃತ್ತಿ ನಾಟಕ ಕಂಪನಿಗಳು ರಂಗಸಜ್ಜಿಗೆ ಹೆಸರಾಗಿದ್ದವು. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಯು ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ ನಾಟಕಕ್ಕಾಗಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಕಂಪನಿ ನಾಟಕಗಳಲ್ಲಿ ಮುಂದೆ ಬೀದಿಯ ಪರದೆ ಇಳಿಬಿಟ್ಟು ಹಾಸ್ಯಗಾರರು ಜನರನ್ನು ನಗಿಸುತ್ತಿರುವಷ್ಟರಲ್ಲಿ, ಅದರ ಹಿಂದೆ ಸದ್ದಿಲ್ಲದೆ ಅರಮನೆಯೊಂದು ಎದ್ದು ನಿಲ್ಲುತ್ತಿತ್ತು. ಜನ ಅರಮನೆಯನ್ನು ಕಂಡು ಬೆರಗಾದರು. ಅದನ್ನು ಎತ್ತಿ ನಿಲ್ಲಿಸಿದವರ ಹೆಸರನ್ನು ಕೇಳಿದವರು ವಿರಳ.

ಅಷ್ಟು ವೈಭವ ನಮ್ಮ ಶಕ್ತಿಗೆ ಮೀರಿದ್ದು, ಅದರ ಅಗತ್ಯವೂ ಇಲ್ಲ. ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಕ್ರಿಸ್ತಜಯಂತಿಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸಲು ಒಂದು ಮೇವಿನ ತೊಟ್ಟಿ, ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ ಇವಿಷ್ಟನ್ನೇ ಬಳಸಿದರು. ಇಂದು ನಾವು ಮನೆಮನೆಯಲ್ಲಿ ಕಟ್ಟುವ ಗೋದಲಿಗೆ ಅದೇ ಪ್ರೇರಣೆ. ಹೆಗ್ಗೋಡಿನ ನೀನಾಸಂ ಸಂಸ್ಥೆಯು 1985ರಲ್ಲಿ ‘ತಿರುಗಾಟ’ವನ್ನು ಆರಂಭಿಸಿದಾಗಿನಿಂದ ಊರಿಂದೂರಿಗೆ ನಾಟಕಗಳನ್ನು ಕೊಂಡೊಯ್ಯುತ್ತಿದೆ. ದಿನಕ್ಕೊಂದು ಊರಿನಲ್ಲಿ ಆಡುವವರಿಗೆ, ಬಿಚ್ಚಿ ಮತ್ತೆ ಜೋಡಿಸಬಲ್ಲ ಹಗುರವಾದ ಸಜ್ಜೇ ಸರಿಯಾದದ್ದು. ನಮಗೂ ಮೂರು ಗಟ್ಟಿ ಮರದ ಕಟ್ಟೆಗಳು ಸಾಕು. ಅವನ್ನು ಒಂದು ರೀತಿ ಜೋಡಿಸಿದರೆ ಕಡೆಯ ಭೋಜನದ ಮೇಲುಪ್ಪರಿಗೆ, ಇನ್ನೊಂದು ರೀತಿ ಜೋಡಿಸಿದರೆ ಪಿಲಾತನ ನ್ಯಾಯಸ್ಥಾನ, ಒಂದರ ಮೇಲೊಂದಿಟ್ಟರೆ ಕಲ್ವಾರಿ ಬೆಟ್ಟ. ಬೆಟ್ಟದ ಬಣ್ಣವನ್ನು ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ. ನಮ್ಮ ಊರಂಚಿನ ಸಯನೈಡ್ ದಿಬ್ಬಗಳನ್ನು ಸಂಜೆಯ ಬೆಳಕಿನಲ್ಲಿ ನೋಡಿದರೆ ಸಾಕು.

ಚಿತ್ರ ಬರೆಯುವವರಿಗೆ ಒಂದು ಮಾತು. ನಲವತ್ತು ಅಡಿ ದೂರದಲ್ಲಿ ಕುಳಿತವರಿಗೆ ಸಣ್ಣ ಗೆರೆ ಕಾಣಿಸದು. ಆದುದರಿಂದ ಅಗಲವಾದ ಕುಂಚವನ್ನೇ ಹಿಡಿಯಿರಿ. ಮರ ಕೊಯ್ಯುವ ಮೊದಲು ನೆಲದ ಮೇಲೆ ಸೀಮೆಸುಣ್ಣದಿಂದ ಅಳತೆ ಬರೆದು, ನಟರನ್ನು ಅದರೊಳಗೆ ನಡೆಸಿ ನೋಡಿ. ಮೊದಲ ಸಾಲಿನ ತುದಿಯಲ್ಲಿಯೂ ಕೊನೆಯ ಸಾಲಿನಲ್ಲಿಯೂ ಕುಳಿತು ಪರೀಕ್ಷಿಸಿ. ಬಟ್ಟೆಯ ಸಮೀಪದಲ್ಲಿ ಉರಿಯುವ ದೀಪವನ್ನಾಗಲಿ ಪಂಜನ್ನಾಗಲಿ ಇಡಬೇಡಿ. ತಮಿಳು, ತೆಲುಗು, ಕನ್ನಡ ಮಾತನಾಡುವ ಕುಟುಂಬಗಳು ಒಂದೇ ಬೆಂಚಿನಲ್ಲಿ ಕೂರುವ ಊರು ನಮ್ಮದು. ಸಂಭಾಷಣೆ ಅರ್ಥವಾಗದ ಅಜ್ಜಿಗೂ ರಂಗವನ್ನು ಕಂಡೊಡನೆ ಕಥೆ ಎಲ್ಲಿಗೆ ಬಂದಿದೆ ಎಂಬುದು ತಿಳಿಯಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಶಿಲುಬೆ. ಉಳಿದುದೆಲ್ಲ ನೋಟಕ್ಕಾಗಿ ಇರುವುದು. ಇದರ ಮೇಲಾದರೋ ನಮ್ಮ ಮನೆಯ ಹುಡುಗನೊಬ್ಬ ಏರುತ್ತಾನೆ. ಅವನ ಭಾರವೆಲ್ಲ ಕಾಲ ಕೆಳಗಿನ ಹಲಗೆಯ ಮೇಲೆ ನಿಲ್ಲಬೇಕು. ತೋಳುಗಳ ಮೇಲೆ ಭಾರ ಬಿದ್ದರೆ ಉಸಿರಾಟವೇ ಕಷ್ಟವಾದೀತು. ಭಾರ ಹೊರುವ ಕಡೆ ಮೊಳೆಯನ್ನು ನಂಬದೆ ಬೋಲ್ಟು ಹಾಕಿ. ಬುಡವನ್ನು ಕಟ್ಟೆಯ ಚೌಕಟ್ಟಿಗೇ ಬಿಗಿಯಿರಿ. ಅವನ ತೂಕದ ಎರಡರಷ್ಟು ಮರಳು ಮೂಟೆಯನ್ನು ಕಟ್ಟಿ ಒಂದು ರಾತ್ರಿ ಬಿಟ್ಟು, ಮರುದಿನ ಪ್ರತಿಯೊಂದು ಕೀಲನ್ನೂ ನೋಡಿ. ಅನಂತರವೇ ಹುಡುಗನನ್ನು ಏರಿಸಿ.

ಈ ಎಚ್ಚರಿಕೆಯನ್ನು ನಂದಿದುರ್ಗದವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಬಂಡೆ ಸಿಡಿತಕ್ಕೆ ಹೆಸರಾದ ಗಣಿಗಳಿವು. ನೆಲದಾಳದಲ್ಲಿ ಮರದ ದಿಮ್ಮಿಗಳಿಂದಲೂ ಕಲ್ಲುಗೋಡೆಗಳಿಂದಲೂ ಬಂಡೆಗೆ ಆಧಾರ ಕೊಟ್ಟವರು ನಿಮ್ಮ ತಂದೆ ತಾತಂದಿರು. ಮೇಲಣ ಬಂಡೆಯನ್ನು ಸಲಾಕೆಯಿಂದ ತಟ್ಟಿ, ಟೊಳ್ಳು ಸದ್ದು ಬಂದರೆ ಹಿಂದೆ ಸರಿಯುವುದು ಗಣಿಗಾರರ ನಿಯಮ. ಅವರು ನಿಲ್ಲಿಸಿದ ಆಧಾರವನ್ನು ನೋಡಲು ಯಾರೂ ಟಿಕೆಟ್ ಕೊಳ್ಳಲಿಲ್ಲ. ಅದರ ಕೆಳಗೆ ದುಡಿದವರು ಸಂಜೆ ಮನೆಗೆ ಮರಳಿದರು ಎಂಬುದೇ ಅದರ ಯೋಗ್ಯತೆಗೆ ಸಾಕ್ಷಿ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅಂದಿನಿಂದ ನಮ್ಮ ಯುವಜನರು ನಸುಕಿನಲ್ಲೆದ್ದು ಬೆಂಗಳೂರಿನ ರೈಲು ಹಿಡಿಯುತ್ತಾರೆ. ಗಣಿಯ ಮರಗೆಲಸ, ಕಮ್ಮಾರಿಕೆ ಬಲ್ಲ ಹಿರಿಯರು ಮನೆಯ ಜಗಲಿಯಲ್ಲಿ ಕುಳಿತಿದ್ದಾರೆ. ಅವರ ಕೈಯಲ್ಲಿರುವ ವಿದ್ಯೆಯನ್ನು ಯಾವ ಪುಸ್ತಕದಲ್ಲೂ ಯಾರೂ ಬರೆದಿಟ್ಟಿಲ್ಲ; ಜೊತೆಯಲ್ಲಿ ನಿಂತು ಮಾಡಿದರೆ ಮಾತ್ರ ಅದು ಮುಂದಿನವರಿಗೆ ದಕ್ಕುತ್ತದೆ. ಬಾಡಿಗೆಯ ಸಜ್ಜು ಒಂದು ರಾತ್ರಿ ಮಿನುಗಿ, ಬೆಳಗಾಗುವಷ್ಟರಲ್ಲಿ ಲಾರಿ ಏರಿ ಹೋಗುತ್ತದೆ. ಅಜ್ಜನೂ ಮೊಮ್ಮಗನೂ ಸೇರಿ ಕಟ್ಟಿದ ಕಟ್ಟೆ ಮುಂದಿನ ವರ್ಷದ ನಾಟಕಕ್ಕೂ ಒದಗುತ್ತದೆ. ಕಟ್ಟುವುದನ್ನು ಕಲಿತ ಮೊಮ್ಮಗ ಅದರ ಮುಂದಿನದಕ್ಕೂ ಒದಗುತ್ತಾನೆ.

ದೀಪಗಳನ್ನೂ ಧ್ವನಿವರ್ಧಕವನ್ನೂ ಬಾಡಿಗೆಗೆ ತರೋಣ. ಅದಕ್ಕೆ ನಮ್ಮ ಅಡ್ಡಿಯಿಲ್ಲ. ಕಟ್ಟೆಗಳನ್ನೂ ಶಿಲುಬೆಯನ್ನೂ ನಾವೇ ಕಟ್ಟೋಣ. ಬರುವ ಭಾನುವಾರ ದಿವ್ಯಬಲಿಪೂಜೆಯ ನಂತರ ಸಭಾಂಗಣದಲ್ಲಿ ಸೇರೋಣ. ಗರಗಸ, ಉಳಿ, ಸುತ್ತಿಗೆ ಉಳ್ಳವರು ತನ್ನಿ. ಇಲ್ಲದವರು ಬರಿಗೈಯಲ್ಲಿ ಬನ್ನಿ, ಹಿಡಿದುಕೊಳ್ಳುವವರೂ ಬೇಕಾಗುತ್ತಾರೆ.