ಮಂತ್ರಿಮೀನಿನ ಊಟ

ಮಂತ್ರಿ ಎಂಬ ಸಂಸ್ಕೃತ ಶಬ್ದ ಬಹು ಹಿಂದೆಯೇ ಕಡಲು ದಾಟಿ ಮಲಯ ಭಾಷೆಯನ್ನು ಸೇರಿತು. ಪೋರ್ಚುಗೀಸರು ಅದನ್ನು ಅಲ್ಲಿಂದ ಎತ್ತಿಕೊಂಡು, ತಮ್ಮ ನಾಲಗೆಗೆ ಒಗ್ಗಿಸಿಕೊಂಡು, ಚೀನದ ಅರಸರ ಅಧಿಕಾರಿಗಳಿಗೆ ಹೆಸರಾಗಿ ತೊಡಿಸಿದರು. ಇಂಗ್ಲಿಷಿನ ‘ಮ್ಯಾಂಡರಿನ್’ ಹುಟ್ಟಿದ್ದು ಹೀಗೆ. ಆ ಅಧಿಕಾರಿಗಳ ರೇಷ್ಮೆಯ ನಿಲುವಂಗಿಯನ್ನು ನೆನಪಿಗೆ ತರುತ್ತದೆಂದು ಹವಳದ ಕಡಲಿನ ಒಂದು ಪುಟ್ಟ ಮೀನಿಗೂ ಅದೇ ಹೆಸರಾಯಿತು. ಕನ್ನಡ ಕಲಿಸಿ ನಿವೃತ್ತನಾದ ನನಗೆ ಈ ಮೀನಿನ ಪರಿಚಯವಾದದ್ದು ಶಬ್ದದ ಬಾಲವನ್ನು ಹಿಡಿದು. ಮನೆಯೊಳಗಿನ ಗಾಜಿನ ತೊಟ್ಟಿಯಲ್ಲಿ ಇದನ್ನು ಸಾಕುವ ವಿಚಾರವಾಗಿ ಈ ಹೊತ್ತು ನಾಲ್ಕು ಮಾತು. ಮಂತ್ರಿಮೀನು ಎಂದೇ ಕರೆಯುತ್ತೇನೆ. ಶಬ್ದ ತವರಿಗೆ ಮರಳಿದಂತಾಯಿತು.

ಪಶ್ಚಿಮ ಶಾಂತಸಾಗರದಲ್ಲಿ, ಜಪಾನಿನ ದಕ್ಷಿಣದ ರ್ಯೂಕ್ಯೂ ದ್ವೀಪಗಳಿಂದ ಆಸ್ಟ್ರೇಲಿಯದವರೆಗೆ, ಹವಳದ ದಿಬ್ಬಗಳ ಮರೆಯ ಆಳವಿಲ್ಲದ ನೀರು ಇದರ ನೆಲೆ. ೧೯೨೭ರಲ್ಲಿ ಆಲ್ಬರ್ಟ್ ಹೆರ್ರೆ ಎಂಬ ಮತ್ಸ್ಯವಿಜ್ಞಾನಿ ಫಿಲಿಪ್ಪೀನ್ಸಿನಲ್ಲಿ ದೊರೆತ ಮೀನನ್ನು ನೋಡಿ ಶಾಸ್ತ್ರೋಕ್ತವಾಗಿ ವರ್ಣಿಸಿದ. ಉದ್ದ ಆರೇಳು ಸೆಂಟಿಮೀಟರ್, ಅಂದರೆ ಒಂದು ಬೆರಳಿನಷ್ಟು. ನೀಲಿಯ ಮೇಲೆ ಕಿತ್ತಳೆ ಬಣ್ಣದ ಬಳ್ಳಿಗಳು ಸುತ್ತಿ ಸುಳಿದ ಮೈ. ಈ ನೀಲಿಯೂ ಸಾಮಾನ್ಯವಾದುದಲ್ಲ. ನವಿಲಿನ ಕತ್ತಿನ ನೀಲಿ, ಮಿಂಚುಳ್ಳಿಯ ಬೆನ್ನಿನ ನೀಲಿ ಇವೆಲ್ಲ ಬೆಳಕಿನ ಆಟ. ಗರಿಯನ್ನು ಅರೆದು ನೋಡಿದರೆ ನೀಲಿಯ ಬಣ್ಣ ಸಿಕ್ಕುವುದಿಲ್ಲ. ಮಂತ್ರಿಮೀನಿನ ಚರ್ಮದ ಕೋಶಗಳಲ್ಲಿ ನಿಜವಾದ ನೀಲಿ ವರ್ಣದ್ರವ್ಯವೇ ಇದೆಯೆಂದು ಜಪಾನಿನ ವಿಜ್ಞಾನಿಗಳು ೧೯೯೫ರಲ್ಲಿ ತೋರಿಸಿಕೊಟ್ಟರು. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಇದು ಬಹು ವಿರಳ. ಮೈಮೇಲೆ ಹುರುಪೆಯಿಲ್ಲ, ಅದರ ಬದಲು ದಪ್ಪನೆಯ, ದುರ್ವಾಸನೆಯ ಲೋಳೆಯ ಹೊದಿಕೆ. ಬಾಯಿ ಹಾಕಬಂದವರಿಗೆ ಅದೇ ಎಚ್ಚರಿಕೆ.

ಮೀನು ಎಂದೊಡನೆ ಈಜು ನೆನಪಾಗುತ್ತದೆಯಷ್ಟೆ. ಇದಾದರೋ ನೆಲವನ್ನು ಬಿಟ್ಟು ಏಳುವುದೇ ಕಡಮೆ. ಹೊಟ್ಟೆಯ ಕೆಳಗಿನ ಅಗಲವಾದ ಈಜುರೆಕ್ಕೆಗಳನ್ನು ಊರಿಕೊಂಡು, ಕಲ್ಲಿಂದ ಕಲ್ಲಿಗೆ ಸರಿಯುತ್ತ, ನಿಂತು, ಕಣ್ಣು ಹೊರಳಿಸಿ, ಪುಟ್ಟ ಬಾಯನ್ನು ಚಾಚಿ ಏನನ್ನೋ ಹೆಕ್ಕುತ್ತದೆ. ಹೆಕ್ಕುವುದು ಹೆಚ್ಚಾಗಿ ಕೋಪೆಪಾಡ್ ಎಂಬ ಜೀವಿಗಳನ್ನು. ಅವು ಸೀಗಡಿ ಏಡಿಗಳ ವರ್ಗಕ್ಕೆ ಸೇರಿದವು. ಗಾತ್ರ ಒಂದು ಮಿಲಿಮೀಟರಿನ ಆಸುಪಾಸು. ಒಂದು ತುತ್ತಿನಿಂದ ಏನಾದೀತು? ಬೆಳಗಿನಿಂದ ಸಂಜೆಯವರೆಗೆ ಈ ಹೆಕ್ಕುವಿಕೆ ನಡೆಯುತ್ತಲೇ ಇರಬೇಕು.

ತೊಂದರೆಯಿರುವುದು ಇಲ್ಲಿಯೇ. ಅಂಗಡಿಯಲ್ಲಿ ಸಿಕ್ಕುವ ಒಣ ಆಹಾರವನ್ನಾಗಲಿ, ಮಂಜುಗಟ್ಟಿಸಿದ ಸೀಗಡಿಯನ್ನಾಗಲಿ ಮೇಲಿನಿಂದ ಉದುರಿಸಿದರೆ ಉಳಿದ ಮೀನುಗಳು ಮುಗಿಬೀಳುತ್ತವೆ; ಕಡಲಿನಿಂದ ಹಿಡಿದು ತಂದ ಮಂತ್ರಿಮೀನು ಸಾಮಾನ್ಯವಾಗಿ ಅತ್ತ ತಿರುಗಿಯೂ ನೋಡುವುದಿಲ್ಲ. ಚಲಿಸದ ವಸ್ತು ಅದಕ್ಕೆ ಆಹಾರವೆಂದೇ ತೋರದು. ತೊಟ್ಟಿಯ ಕಲ್ಲುಗಳಲ್ಲಿದ್ದ ಕೋಪೆಪಾಡುಗಳನ್ನು ಕೆಲವೇ ವಾರಗಳಲ್ಲಿ ತಿಂದು ಮುಗಿಸಿ, ಬಡಿಸಿದ ಎಲೆಯ ಮುಂದೆಯೇ ಅದು ಉಪವಾಸ ಸಾಯುತ್ತದೆ. ಹೊಟ್ಟೆ ಒಳಸರಿಯುತ್ತದೆ, ಬೆನ್ನು ಬತ್ತುತ್ತದೆ. ಬಣ್ಣವನ್ನು ನೋಡುತ್ತ ಕುಳಿತವರಿಗೆ ಹೊಟ್ಟೆ ಕಾಣುವುದಿಲ್ಲ.

ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗ ತಂದ ಮೊದಲ ಮಂತ್ರಿಮೀನು ಏಳನೆಯ ವಾರ ಸತ್ತಿತು. “ದೊಡ್ಡಪ್ಪ, ಉಪ್ಪು ಲೀಟರಿಗೆ ೩೫ ಗ್ರಾಂ, ಸರಿಯಾಗಿಯೇ ಇತ್ತು. ಶಾಖ ಸರಿಯಾಗಿತ್ತು. ಹವಳಗಳೆಲ್ಲ ಚೆನ್ನಾಗಿಯೇ ಇವೆ,” ಎಂದ. “ಏನು ತಿನ್ನುತ್ತಿತ್ತಪ್ಪ?” ಎಂದೆ. “ಏನು ಹಾಕಿದರೂ ತಿನ್ನುತ್ತದೆ ಅಂತ ಅಂಗಡಿಯವರು ಹೇಳಿದ್ದರು,” ಎಂದು ತಲೆ ತಗ್ಗಿಸಿದ. ಹಸುವನ್ನು ಕೊಳ್ಳಹೊರಟ ರೈತ ಮೊದಲು ಹುಲ್ಲಿನ ಯೋಚನೆ ಮಾಡುತ್ತಾನೆ. ಮೀನು ಕೊಳ್ಳುವ ವಿದ್ಯಾವಂತನಿಗೆ ಅದು ಹೊಳೆಯುವುದಿಲ್ಲವೆಂದರೆ, ಗಾಜಿನ ಆಚೆಗಿರುವುದನ್ನೆಲ್ಲ ಚಿತ್ರಪಟವೆಂದೇ ಅವನು ಎಣಿಸಿರಬೇಕು. ಕನ್ನಡದಲ್ಲಿ ಪೋಷಿಸು ಎಂಬುದಕ್ಕೂ ಸಾಕು, ಇಷ್ಟಾದರೆ ತೃಪ್ತಿ ಎಂಬುದಕ್ಕೂ ಸಾಕು. ಈ ಮೀನಿನ ವಿಷಯದಲ್ಲಿ ಎರಡನೆಯ ಸಾಕು ಬಾರದೆ ಮೊದಲನೆಯದು ನಡೆಯದು.

ಹುಲ್ಲುಗಾವಲನ್ನು ಬೆಳೆಸುವ ದಾರಿಯೇನೋ ಇದೆ. ಮುನ್ನೂರು ಲೀಟರಿನಷ್ಟು ದೊಡ್ಡ ತೊಟ್ಟಿ, ಅದರಲ್ಲಿ ಸೂಕ್ಷ್ಮಜೀವಿಗಳು ಬೇರೂರಿದ ಕಲ್ಲುಗಳ ರಾಶಿ. ಪಕ್ಕದಲ್ಲಿ ಮೀನು ಹೋಗಲಾರದ ಇನ್ನೊಂದು ಕೋಣೆ. ಅಲ್ಲಿ ನೂಲಿನ ಸಿಕ್ಕಿನಂತಹ ಹಸಿರು ಕಡಲಪಾಚಿ, ಅದಕ್ಕೆ ರಾತ್ರಿಯೆಲ್ಲ ದೀಪ. ಕೋಪೆಪಾಡುಗಳು ಆ ಪಾಚಿಯಲ್ಲಿ ನಿರ್ಭಯವಾಗಿ ಹೆಚ್ಚಿ, ನೀರಿನೊಡನೆ ತೊಟ್ಟಿಗೆ ಹರಿದುಬರುತ್ತವೆ. ಅವುಗಳ ಮೇವಿಗಾಗಿ ಕಣ್ಣಿಗೆ ಕಾಣದ ಏಕಕೋಶ ಸಸ್ಯಗಳನ್ನು ಸೀಸೆಗಳಲ್ಲಿ ಬೆಳೆಸಿ ಸುರಿಯುವುದೂ ಉಂಟು. ಇಷ್ಟಾಗಿ, ಆರು ತಿಂಗಳೋ ವರ್ಷವೋ ಕಾಯಬೇಕು. ಅದೇ ಆಹಾರಕ್ಕೆ ಕಣ್ಣಿಟ್ಟ ಬೇರೆ ಮೀನುಗಳನ್ನು ಬಿಡಕೂಡದು. ಒಂದೇ ತೊಟ್ಟಿಯಲ್ಲಿ ಎರಡು ಗಂಡುಗಳಂತೂ ಬೇಡವೇ ಬೇಡ, ಸಾಯುವವರೆಗೆ ಕಾದಾಡಬಲ್ಲವು.

ಇಷ್ಟೆಲ್ಲ ಶ್ರಮ ಪಡುವವನಿಗೂ ಹಿಡಿದು ತಂದ ಮೀನನ್ನು ಕೊಳ್ಳುವ ಹಕ್ಕುಂಟೆ? ಉಂಟೆಂದು ನನಗೆ ತೋರುವುದಿಲ್ಲ. ಕಡಲಿನಲ್ಲಿ ಹೊತ್ತು ಮುಳುಗುವಾಗ ಗಂಡು ಹೆಣ್ಣು ಮೈಗೆ ಮೈ ಹಚ್ಚಿ ನೆಲದಿಂದ ಒಂದು ಮೀಟರಿನಷ್ಟು ಮೇಲೇರಿ, ಮೊಟ್ಟೆಗಳನ್ನು ನೀರಿಗೆ ಬಿಟ್ಟು ಮರೆಗೆ ಧಾವಿಸುತ್ತವೆ. ಹೆಣ್ಣು ಒಲಿಯುವುದು ದೊಡ್ಡ ಗಂಡಿಗೆ. ಬೆನ್ನಮೇಲೆ ಉದ್ದನೆಯ ಮುಳ್ಳಿನ ಬಾವುಟವುಳ್ಳ ಆ ದೊಡ್ಡ ಗಂಡೇ ವ್ಯಾಪಾರಿಗೂ ಬೇಕು. ಫಿಲಿಪ್ಪೀನ್ಸಿನ ಕೆಲವೆಡೆ ಸೂಜಿಮೊನೆಯ ಪುಟ್ಟ ಈಟಿಯಿಂದ ಚುಚ್ಚಿ ಇವನ್ನು ಹಿಡಿದದ್ದುಂಟು. ಆದರೆ ೨೦೧೦ರ ಸುಮಾರಿನಿಂದ ಅಮೆರಿಕದ ಫ್ಲಾರಿಡಾದಲ್ಲಿ, ತೊಟ್ಟಿಯಲ್ಲಿಯೇ ಹುಟ್ಟಿದ ಮರಿಗಳೂ ಮಾರಾಟಕ್ಕೆ ಬಂದಿವೆ. ಬೆಲೆ ಹೆಚ್ಚು, ಆದರೆ ಎಳವೆಯಿಂದಲೇ ರೂಢಿಯಾದುದರಿಂದ ಅವು ಕೊಟ್ಟ ಆಹಾರವನ್ನು ಹೆಚ್ಚು ಸುಲಭವಾಗಿ ತಿನ್ನುತ್ತವೆ. ಅಂಥದು ಸಿಕ್ಕಿದರೆ ಸರಿ, ಸಿಕ್ಕದಿದ್ದರೆ ಮಂತ್ರಿಮೀನಿಲ್ಲದೆ ಬದುಕಬಹುದು.

ಹುಡುಗ ಇದನ್ನು ಒಪ್ಪಿಕೊಂಡಿದ್ದಾನೆ. ಅವನ ತೊಟ್ಟಿಯಲ್ಲಿ ಈಗ ಹನ್ನೊಂದು ತಿಂಗಳಿಂದ ಒಂದು ಮೀನೂ ಇಲ್ಲ. ರಾತ್ರಿ ದೀಪವಾರಿಸಿ, ಗಾಜಿಗೆ ಟಾರ್ಚು ಹಿಡಿದು ಎಣಿಸುತ್ತಾನೆ. ಸಾಸಿವೆಗಿಂತ ಸಣ್ಣ ಬಿಳಿಯ ಚುಕ್ಕೆಗಳು ಗಾಜಿನ ಮೇಲೆ ಹರಿದಾಡುತ್ತವೆ. “ಹೋದ ತಿಂಗಳಿಗಿಂತ ಹೆಚ್ಚಾಗಿವೆ, ಆದರೂ ಇನ್ನಷ್ಟು ದಿನ ಬಿಡೋಣ, ದೊಡ್ಡಪ್ಪ,” ಎನ್ನುತ್ತಾನೆ.